ಅಗ್ಗದ ಪವರ್ ಬ್ಯಾಂಕ್: ಲೇಬಲ್ಲಿನ ಅಂಕಿ ಮತ್ತು ಒಡಲಿನ ವಾಸ್ತವ

ಮೊಬೈಲ್ ಬಿಡಿಭಾಗಗಳ ವ್ಯಾಪಾರದಲ್ಲಿ ಪವರ್ ಬ್ಯಾಂಕ್ ಎಂಬ ಪುಟ್ಟ ಸಾಧನಕ್ಕೆ ವರ್ಷವಿಡೀ ಬೇಡಿಕೆಯಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಗಟು ಮಳಿಗೆಗಳಿಂದ ತಾಲ್ಲೂಕು ಕೇಂದ್ರಗಳ ರೀಚಾರ್ಜ್ ಅಂಗಡಿಗಳವರೆಗೆ ಅದು ಎಲ್ಲೆಡೆ ದೊರೆಯುತ್ತದೆ. ದೀಪಾವಳಿಯ ಸಮಯದಲ್ಲಿ, ವಿತರಕರ ವಾರ್ಷಿಕ ಸಮಾವೇಶಗಳಲ್ಲಿ ಸಂಸ್ಥೆಗಳು ತಮ್ಮ ಹೆಸರು ಮತ್ತು ಲಾಂಛನವನ್ನು ಮುದ್ರಿಸಿದ ಪವರ್ ಬ್ಯಾಂಕುಗಳನ್ನು ಉಡುಗೊರೆಯಾಗಿ ನೀಡುವ ರೂಢಿಯೂ ಬೆಳೆದಿದೆ. ಹೀಗಾಗಿ ಇದು ವಿದ್ಯುನ್ಮಾನ ವಸ್ತುಗಳ ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದ ಸರಕಾಗಿ ಉಳಿದಿಲ್ಲ. ಜವಳಿ ವರ್ತಕರಿಗೂ, ಬೀಜ-ಗೊಬ್ಬರದ ವಿತರಕರಿಗೂ, ಯಂತ್ರಭಾಗಗಳ ತಯಾರಕರಿಗೂ ಒಂದಲ್ಲ ಒಂದು ಬಗೆಯಲ್ಲಿ ಇದರ ಸಂಪರ್ಕ ಬಂದೇ ಬರುತ್ತದೆ.

ಬಟ್ಟೆಯ ಗುಣವನ್ನು ಬೆರಳಿನಿಂದ ಮುಟ್ಟಿ ತಿಳಿಯಬಹುದು. ಬೇಳೆಯ ಗುಣವನ್ನು ಅಂಗೈಯಲ್ಲಿ ಹರಡಿ ನೋಡಿ ಹೇಳಬಹುದು. ಪವರ್ ಬ್ಯಾಂಕಿನ ಗುಣವಾದರೋ ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿಕೊಂಡಿರುತ್ತದೆ. ಒಂದೇ ಗಾತ್ರ, ಒಂದೇ ಹೊಳಪು, ಒಂದೇ ಅಂಕಿಯುಳ್ಳ ಎರಡು ಸಾಧನಗಳಲ್ಲಿ ಒಂದರ ಸಗಟು ದರ ಇನ್ನೊಂದರ ಅರ್ಧಕ್ಕಿಂತಲೂ ಕಡಿಮೆಯಿದ್ದರೆ, ಉಳಿತಾಯವಾದ ಹಣ ಒಳಗಿನ ಯಾವ ಭಾಗದಿಂದ ಬಂದಿತು ಎಂಬ ಪ್ರಶ್ನೆಯನ್ನು ಖರೀದಿದಾರನು ಕೇಳಲೇಬೇಕಾಗುತ್ತದೆ. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ತಕ್ಕಡಿ, ಒಂದು ಗಡಿಯಾರ, ಒಂದು ಸಣ್ಣ ಮೀಟರ್ ಮತ್ತು ಸ್ವಲ್ಪ ಗುಣಾಕಾರ-ಭಾಗಾಕಾರ ಇದ್ದರೆ ಬಹುಪಾಲು ಸತ್ಯ ಹೊರಬೀಳುತ್ತದೆ.

ಅಂಕಿಯ ಅರ್ಥವೇನು?

ಪವರ್ ಬ್ಯಾಂಕಿನ ಮೇಲೆ 10000 ಅಥವಾ 20000 ಎಂಎಎಚ್ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಎಂಎಎಚ್ ಎಂದರೆ ಮಿಲಿಆಂಪಿಯರ್-ಗಂಟೆ. ಈ ಅಂಕಿ ಒಳಗಿರುವ ಲಿಥಿಯಂ-ಅಯಾನ್ ಸೆಲ್ಲಿನ ಧಾರಣಶಕ್ತಿಯನ್ನು ಹೇಳುತ್ತದೆಯೇ ಹೊರತು ಫೋನಿಗೆ ತಲುಪುವ ವಿದ್ಯುತ್ತನ್ನಲ್ಲ. ಸೆಲ್ಲಿನ ಸರಾಸರಿ ಒತ್ತಡ ಸುಮಾರು 3.7 ವೋಲ್ಟ್. ಸಾಮಾನ್ಯ ಯುಎಸ್‌ಬಿ ಕಿಂಡಿಯಿಂದ ಹೊರಬರಬೇಕಾದ ಒತ್ತಡ 5 ವೋಲ್ಟ್. ಆದ್ದರಿಂದ ಲೆಕ್ಕವನ್ನು ವಾಟ್-ಗಂಟೆಯಲ್ಲಿ ಮಾಡುವುದೇ ಸರಿಯಾದ ಕ್ರಮ.

10000 ಎಂಎಎಚ್ ಅಂದರೆ 10 ಆಂಪಿಯರ್-ಗಂಟೆ. ಅದನ್ನು 3.7ರಿಂದ ಗುಣಿಸಿದರೆ 37 ವಾಟ್-ಗಂಟೆ. ಅದೇ ಶಕ್ತಿಯನ್ನು 5 ವೋಲ್ಟಿನಲ್ಲಿ ಅಳೆದರೆ 7400 ಎಂಎಎಚ್. ಒತ್ತಡವನ್ನು ಏರಿಸುವ ಮಂಡಲದಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ವ್ಯಯವಾಗುತ್ತದೆ. ಅದರ ದಕ್ಷತೆ ಶೇಕಡ 85 ಎಂದು ಹಿಡಿದರೆ ಕೈಗೆ ಸಿಗುವುದು ಸುಮಾರು 6300 ಎಂಎಎಚ್. ಇದು ಮೋಸವಲ್ಲ, ಭೌತವಿಜ್ಞಾನದ ನಿಯಮ. ಒಂದು ಕ್ವಿಂಟಲ್ ಭತ್ತವನ್ನು ಮಿಲ್ಲಿಗೆ ಹಾಕಿದರೆ ಒಂದು ಕ್ವಿಂಟಲ್ ಅಕ್ಕಿ ಬರುವುದಿಲ್ಲ. 65ರಿಂದ 67 ಕಿಲೋ ಬಂದರೆ ಯಾರೂ ಮಿಲ್ಲಿನವರನ್ನು ದೂರುವುದಿಲ್ಲ. ಪವರ್ ಬ್ಯಾಂಕಿನ ಲೆಕ್ಕವೂ ಹೆಚ್ಚುಕಡಿಮೆ ಅದೇ ಪ್ರಮಾಣದ್ದು. ಜವಾಬ್ದಾರಿಯುತ ತಯಾರಕರು ಸೆಲ್ಲಿನ ಧಾರಣಶಕ್ತಿ, ವಾಟ್-ಗಂಟೆ ಮತ್ತು 5 ವೋಲ್ಟಿನಲ್ಲಿ ದೊರೆಯುವ ನಿಜವಾದ ಎಂಎಎಚ್, ಈ ಮೂರನ್ನೂ ಸಣ್ಣ ಅಕ್ಷರಗಳಲ್ಲಾದರೂ ಮುದ್ರಿಸಿರುತ್ತಾರೆ. ದಪ್ಪ ಅಂಕಿ ಮಾತ್ರ ಇದ್ದು ಉಳಿದೆರಡು ಇಲ್ಲದಿರುವುದು ಮೊದಲನೆಯ ಎಚ್ಚರಿಕೆಯ ಚಿಹ್ನೆ.

ಮಿಲ್ಲಿನ ಇಳುವರಿ ಕಡಿಮೆಯಾಗುವುದು ಸಹಜ. ಆದರೆ ಚೀಲದಲ್ಲಿ ಭತ್ತದ ಬದಲು ಮರಳು ಇದ್ದರೆ ಅದು ಬೇರೆಯ ವಿಷಯ. ಅಗ್ಗದ ಪವರ್ ಬ್ಯಾಂಕುಗಳಲ್ಲಿ ಪರೀಕ್ಷಿಸಬೇಕಾದುದು ಈ ಎರಡನೆಯದನ್ನು.

ತಕ್ಕಡಿಯ ಪರೀಕ್ಷೆ

ಲಿಥಿಯಂ-ಅಯಾನ್ ಸೆಲ್ಲುಗಳು 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯಿಂದ ಮೊದಲ ಬಾರಿಗೆ ವಾಣಿಜ್ಯ ಮಾರುಕಟ್ಟೆಗೆ ಬಂದವು. ಅಂದಿನಿಂದ ಅವುಗಳ ಶಕ್ತಿಸಾಂದ್ರತೆ ಬಹಳ ಹೆಚ್ಚಿದೆಯಾದರೂ ಅದಕ್ಕೊಂದು ಮಿತಿಯಿದೆ. ಪವರ್ ಬ್ಯಾಂಕುಗಳಲ್ಲಿ ಬಳಕೆಯಾಗುವ ಉತ್ತಮ ಸೆಲ್ಲುಗಳಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 200ರಿಂದ 250 ವಾಟ್-ಗಂಟೆಯಷ್ಟು ಶಕ್ತಿ ಅಡಕವಾಗುತ್ತದೆ. ಆದ್ದರಿಂದ 37 ವಾಟ್-ಗಂಟೆಯ ಸಾಧನದಲ್ಲಿ ಸೆಲ್ಲುಗಳೇ 150 ಗ್ರಾಂನಷ್ಟಾದರೂ ಇರಬೇಕು. ಕವಚ, ಸರ್ಕಿಟ್ ಬೋರ್ಡು ಇವೆಲ್ಲ ಅದಕ್ಕೆ ಹೆಚ್ಚುವರಿ.

20000 ಎಂಎಎಚ್ ಎಂದು ಅಚ್ಚಾಗಿ, ಒಟ್ಟು 200 ಗ್ರಾಂ ಮಾತ್ರ ತೂಗುವ ಸಾಧನವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಅಂಕಿ ನಿಜವಾಗಿದ್ದರೆ ಒಳಗೆ 74 ವಾಟ್-ಗಂಟೆ ಇರಬೇಕು. ಅಷ್ಟಕ್ಕೆ ಸೆಲ್ಲುಗಳ ತೂಕವೇ ಸುಮಾರು 300 ಗ್ರಾಂ ಆಗಬೇಕು. ಇಡೀ ಸಾಧನವೇ 200 ಗ್ರಾಂ ಇರುವಾಗ ಲೇಬಲ್ಲು ಸುಳ್ಳೆಂದು ತಿಳಿಯಲು ಅದನ್ನು ಬಿಚ್ಚುವ ಅಗತ್ಯವೂ ಇಲ್ಲ.

ಆದರೆ ಈ ಪರೀಕ್ಷೆ ಒಂದು ದಿಕ್ಕಿನಲ್ಲಿ ಮಾತ್ರ ನಂಬಲರ್ಹ. ಹಗುರವಾದ ಸಾಧನ ಖಂಡಿತವಾಗಿ ಖೋಟಾ. ಭಾರವಾದದ್ದು ಅಸಲಿ ಎಂಬ ಖಾತರಿಯಿಲ್ಲ. ತಕ್ಕಡಿಯನ್ನು ವಂಚಿಸುವ ಸಲುವಾಗಿಯೇ ಕಬ್ಬಿಣದ ತುಂಡು ಅಥವಾ ಮರಳಿನ ಪೊಟ್ಟಣವನ್ನು ಒಳಗಿಟ್ಟ ಪವರ್ ಬ್ಯಾಂಕುಗಳು ಕಂಡುಬಂದಿವೆ. ಆದ್ದರಿಂದ ಮುಂದಿನ ಪರೀಕ್ಷೆಗಳು ಅವಶ್ಯ.

ಗಡಿಯಾರ ಮತ್ತು ಮೀಟರ್

ಪೂರ್ಣ ಬರಿದಾದ ಪವರ್ ಬ್ಯಾಂಕು ತುಂಬಲು ಎಷ್ಟು ಸಮಯ ತೆಗೆದುಕೊಳ್ಳುತ್ತದೆ ಎಂಬುದನ್ನು ಗಮನಿಸುವುದು ಅತ್ಯಂತ ಸುಲಭವಾದ ಪರೀಕ್ಷೆ. 5 ವೋಲ್ಟ್, 1 ಆಂಪಿಯರ್ ಚಾರ್ಜರ್ ಗಂಟೆಗೆ 5 ವಾಟ್-ಗಂಟೆಗಿಂತ ಹೆಚ್ಚು ಕೊಡಲಾರದು. ಹಾಗಾಗಿ ಒಂದಿಷ್ಟೂ ನಷ್ಟವಾಗದಿದ್ದರೂ 37 ವಾಟ್-ಗಂಟೆ ತುಂಬಲು 7 ಗಂಟೆ 24 ನಿಮಿಷ ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. 10000 ಎಂಎಎಚ್ ಎಂದು ಹೇಳಿಕೊಳ್ಳುವ ಸಾಧನ ಇಂತಹ ಚಾರ್ಜರಿನಿಂದ ಎರಡೇ ಗಂಟೆಯಲ್ಲಿ ತುಂಬಿ ಹಸಿರು ದೀಪ ತೋರಿಸಿದರೆ ಅದನ್ನು ವೇಗದ ಚಾರ್ಜಿಂಗ್ ಎಂದು ಹೊಗಳುವುದು ತಪ್ಪು. ಕೊಡ ಚಿಕ್ಕದಾಗಿದ್ದರೆ ಬೇಗ ತುಂಬುತ್ತದೆ, ಅಷ್ಟೆ.

ಎರಡನೆಯದು ಬರಿದು ಮಾಡುವ ಪರೀಕ್ಷೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸಬಹುದಾದ ಸಣ್ಣ ಮೀಟರುಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ವೋಲ್ಟ್, ಆಂಪಿಯರ್ ಮತ್ತು ಒಟ್ಟು ಹರಿದ ಎಂಎಎಚ್ ಅನ್ನು ಅವು ತೋರಿಸುತ್ತವೆ. 10 ಓಮ್, 10 ವಾಟಿನ ಎರಡು ರೆಸಿಸ್ಟರುಗಳನ್ನು ಸಮಾನಾಂತರವಾಗಿ ಜೋಡಿಸಿದರೆ 5 ಓಮ್ ಆಗುತ್ತದೆ; 5 ವೋಲ್ಟಿನಲ್ಲಿ ಅದು 1 ಆಂಪಿಯರ್ ಎಳೆಯುತ್ತದೆ. ರೆಸಿಸ್ಟರುಗಳು ಬಿಸಿಯಾಗುವುದರಿಂದ ಅವನ್ನು ಸೆರಾಮಿಕ್ ಹಂಚಿನ ಮೇಲಿಡಬೇಕು. ಪೂರ್ಣ ತುಂಬಿದ ಅಸಲಿ 10000 ಎಂಎಎಚ್ ಸಾಧನ ಈ ಹೊರೆಯನ್ನು ಆರು ಗಂಟೆಗೂ ಮೀರಿ ಹೊರಬೇಕು.

ಈ ಪರೀಕ್ಷೆಯಲ್ಲಿ ಒಟ್ಟು ಸಮಯದಷ್ಟೇ ಮುಖ್ಯವಾದುದು ಒತ್ತಡದ ಸ್ಥಿರತೆ. ಯುಎಸ್‌ಬಿ ಕಿಂಡಿಯ ಒತ್ತಡ 4.75ರಿಂದ 5.25 ವೋಲ್ಟಿನ ನಡುವೆ ಇರಬೇಕೆಂಬುದು ಮೂಲ ನಿಯಮ. 2 ಆಂಪಿಯರ್ ಕೊಡುವುದಾಗಿ ಲೇಬಲ್ಲಿನಲ್ಲಿ ಬರೆದುಕೊಂಡು, 1 ಆಂಪಿಯರ್ ಎಳೆಯುವಷ್ಟರಲ್ಲೇ 4.5 ವೋಲ್ಟಿಗೆ ಕುಸಿಯುವ ಸಾಧನದಿಂದ ಫೋನು ಬಹಳ ನಿಧಾನವಾಗಿ ಚಾರ್ಜ್ ಆಗುತ್ತದೆ ಅಥವಾ ಚಾರ್ಜ್ ಆಗುವುದೇ ಇಲ್ಲ. ಕವಚ ಕೈಯಿಂದ ಹಿಡಿಯಲಾಗದಷ್ಟು ಬಿಸಿಯಾದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಆ ಸರಕಿನ ಬಗ್ಗೆ ನಿರ್ಧಾರ ಕೈಗೊಳ್ಳಲು ಅಷ್ಟು ಸಾಕು.

ಕವಚ ತೆರೆದಾಗ

ಪವರ್ ಬ್ಯಾಂಕನ್ನು ಬಿಚ್ಚುವ ಕೆಲಸ ಅಂಗಡಿಯ ಮೇಜಿನ ಮೇಲೆ ಚಾಕುವಿನಿಂದ ಮಾಡುವಂಥದ್ದಲ್ಲ. ಸೆಲ್ಲಿಗೆ ಗೀರು ಬಿದ್ದರೆ ಅಥವಾ ಅದರ ಎರಡು ತುದಿಗಳು ಲೋಹದಿಂದ ಕೂಡಿಕೊಂಡರೆ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ಅನುಭವವುಳ್ಳ ತಂತ್ರಜ್ಞರು, ಸಾಧನವನ್ನು ಪೂರ್ಣ ಬರಿದು ಮಾಡಿದ ನಂತರ, ಪ್ಲಾಸ್ಟಿಕ್ ಸಾಧನಗಳಿಂದ, ಸುತ್ತ ಉರಿಯುವ ವಸ್ತುಗಳಿಲ್ಲದ ಜಾಗದಲ್ಲಿ ಇದನ್ನು ಮಾಡಬೇಕು. ಪ್ರತಿ ದೊಡ್ಡ ಖೇಪಿನಿಂದ ಒಂದೆರಡು ನಮೂನೆಗಳನ್ನು ಹೀಗೆ ತೆರೆಸಿ ನೋಡುವುದು ಖರೀದಿದಾರನಿಗೆ ನಷ್ಟವಲ್ಲ, ವಿಮೆಯ ಕಂತು ಎಂದೇ ಭಾವಿಸಬೇಕು.

ಕವಚದೊಳಗೆ ಕಾಣಸಿಗುವುದು ಎರಡೇ ವಸ್ತುಗಳು: ಸೆಲ್ಲು ಮತ್ತು ಸರ್ಕಿಟ್ ಬೋರ್ಡು. ಬೋರ್ಡಿಗೆ ಮೂರು ಕೆಲಸಗಳಿವೆ. ಮೊದಲನೆಯದು, ಹೊರಗಿನಿಂದ ಬರುವ 5 ವೋಲ್ಟಿನಿಂದ ಸೆಲ್ಲನ್ನು 4.2 ವೋಲ್ಟಿನವರೆಗೆ ಮಾತ್ರ ತುಂಬಿಸಿ ನಿಲ್ಲಿಸುವುದು. ಎರಡನೆಯದು, ಸೆಲ್ಲಿನ ಒತ್ತಡವನ್ನು 5 ವೋಲ್ಟಿಗೆ ಏರಿಸಿ ಫೋನಿಗೆ ಕೊಡುವುದು. ತಂತಿ ಸುತ್ತಿದ ಇಂಡಕ್ಟರ್ ಎಂಬ ಭಾಗ ಈ ಕೆಲಸದ್ದು. ಮೂರನೆಯದು ರಕ್ಷಣೆ: ಸೆಲ್ಲು ಮಿತಿಮೀರಿ ತುಂಬದಂತೆ, ಮಿತಿಮೀರಿ ಬರಿದಾಗದಂತೆ, ಶಾರ್ಟ್ ಆದರೆ ಸಂಪರ್ಕ ಕಡಿಯುವಂತೆ ನೋಡಿಕೊಳ್ಳುವುದು.

ಅಗ್ಗದ ಬೋರ್ಡುಗಳಲ್ಲಿ ಈ ಮೂರೂ ಕೆಲಸಗಳನ್ನು ಒಂದೇ ಚಿಪ್ಪು ಮಾಡುವುದುಂಟು. ಇದೊಂದೇ ಕಾರಣಕ್ಕೆ ಅದನ್ನು ಕಳಪೆ ಎನ್ನಲಾಗದು. ಒಳ್ಳೆಯ ಸಣ್ಣ ಸಾಧನಗಳಲ್ಲಿಯೂ ಅಂತಹ ಚಿಪ್ಪುಗಳಿವೆ. ನೋಡಬೇಕಾದುದು ಏನನ್ನು ಬಿಡಲಾಗಿದೆ ಎಂಬುದನ್ನು. ಸೆಲ್ಲಿಗೆ ಪ್ರತ್ಯೇಕ ರಕ್ಷಣಾ ಚಿಪ್ಪು ಇದೆಯೇ? ಸೆಲ್ಲಿನ ಮೈಗೆ ಅಂಟಿಸಿದ, ಉಷ್ಣತೆಯನ್ನು ಅಳೆಯುವ ಸಣ್ಣ ಸಂವೇದಕ ಇದೆಯೇ? ಇಂಡಕ್ಟರು ಹೇಳಿಕೊಂಡ ವಿದ್ಯುತ್ಪ್ರವಾಹವನ್ನು ಹೊರುವಷ್ಟು ದಪ್ಪವಾಗಿದೆಯೇ? ಬೆಸುಗೆಗಳು ನಯವಾಗಿವೆಯೇ, ಇಲ್ಲವೇ ಸೀಸದ ಹನಿಗಳು ಅಲ್ಲಲ್ಲಿ ಚೆಲ್ಲಿವೆಯೇ? ಸೆಲ್ಲು ಅಲುಗದಂತೆ ಭದ್ರವಾಗಿದೆಯೇ, ಅಥವಾ ಕವಚದೊಳಗೆ ಗಡಗಡ ಓಡಾಡುತ್ತಿದೆಯೇ? ಸೆಲ್ಲಿಗೆ ಹೋಗುವ ತಂತಿ ಕೂದಲೆಳೆಯಷ್ಟು ತೆಳುವಾಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕಣ್ಣಿನಿಂದಲೇ ಸಿಗುತ್ತದೆ. ಬಿಟ್ಟ ಒಂದೊಂದು ಭಾಗದ ಬೆಲೆ ಕೆಲವೇ ಪೈಸೆ ಅಥವಾ ರೂಪಾಯಿ ಇರಬಹುದು. ಸಾವಿರಾರು ಸಾಧನಗಳನ್ನು ಜೋಡಿಸುವವನಿಗೆ ಅದು ಲಾಭವಾಗುತ್ತದೆ, ಬಳಸುವವನಿಗೆ ಅಪಾಯವಾಗುತ್ತದೆ.

ಸೆಲ್ಲಿನ ಜಾತಕ

ಪವರ್ ಬ್ಯಾಂಕಿನ ವೆಚ್ಚದಲ್ಲಿ ಸಿಂಹಪಾಲು ಸೆಲ್ಲಿನದು. ಆದ್ದರಿಂದ ಬೆಲೆಯನ್ನು ಬಹಳ ಇಳಿಸಬೇಕಾದಾಗ ಕತ್ತರಿ ಬೀಳುವುದು ಅಲ್ಲಿಯೇ. ದುಂಡನೆಯ ಸೆಲ್ಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 18650 ಎಂಬ ಮಾದರಿ. 18 ಎಂದರೆ ಮಿಲಿಮೀಟರಿನಲ್ಲಿ ವ್ಯಾಸ, 65 ಎಂದರೆ ಉದ್ದ, ಕೊನೆಯ ಸೊನ್ನೆ ದುಂಡಗಿನ ಆಕಾರದ ಸೂಚನೆ. ಹೆಸರಾಂತ ತಯಾರಕರ ಈ ಗಾತ್ರದ ಸೆಲ್ಲುಗಳ ಧಾರಣಶಕ್ತಿ 3500 ಎಂಎಎಚ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ತೂಕ ಸುಮಾರು 45ರಿಂದ 48 ಗ್ರಾಂ. ಇದೇ ಗಾತ್ರದ ಸೆಲ್ಲಿನ ಮೇಲೆ 6000 ಅಥವಾ 9900 ಎಂಎಎಚ್ ಎಂದು ಮುದ್ರಿತವಾಗಿದ್ದರೆ ಹೆಚ್ಚಿನ ವಿಚಾರಣೆಯ ಅಗತ್ಯವೇ ಇಲ್ಲ.

ಇನ್ನೊಂದು ಬಗೆ, ಹಳೆಯ ಸೆಲ್ಲಿಗೆ ಹೊಸ ಅಂಗಿ ತೊಡಿಸುವುದು. ಕೆಟ್ಟುಹೋದ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಎಲ್ಲ ಸೆಲ್ಲುಗಳೂ ಒಟ್ಟಿಗೆ ಕೆಡುವುದಿಲ್ಲ. ಉಳಿದವನ್ನು ಕಿತ್ತು, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿದು, ಹೊಸ ಬಣ್ಣದ ಹೊದಿಕೆ ಹಾಕಿ ಮಾರುವುದುಂಟು. ಸೆಲ್ಲಿನ ತುದಿಗಳಲ್ಲಿ ಹಿಂದಿನ ನಿಕ್ಕಲ್ ಪಟ್ಟಿಯನ್ನು ಕಿತ್ತ ಚುಕ್ಕೆಗುರುತುಗಳು, ಸುಕ್ಕುಗಟ್ಟಿದ ಹೊದಿಕೆ, ತಯಾರಕರ ಹೆಸರಾಗಲಿ ಸಂಕೇತಸಂಖ್ಯೆಯಾಗಲಿ ಇಲ್ಲದಿರುವುದು, ಇವು ಅದರ ಲಕ್ಷಣಗಳು. ಹಳೆಯ ಸೆಲ್ಲುಗಳನ್ನು ಅಳೆದು, ವಿಂಗಡಿಸಿ, ಹಳೆಯದೆಂದೇ ಹೇಳಿ ಬಳಸುವುದು ಗೌರವಯುತ ಉದ್ಯಮ. ಹೊಸದೆಂದು ಮಾರುವುದು ವಂಚನೆ.

ಇವೆಲ್ಲದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಬಹುದು. 20000 ಎಂಎಎಚ್ ಲೇಬಲ್ಲಿನ ಕವಚದೊಳಗೆ ತಲಾ 2000 ಎಂಎಎಚ್‌ನ ಎರಡೇ ಸೆಲ್ಲುಗಳಿವೆ ಎಂದಿಟ್ಟುಕೊಂಡರೆ, ಒಟ್ಟು ಶಕ್ತಿ 14.8 ವಾಟ್-ಗಂಟೆ. ಶೇಕಡ 85ರ ದಕ್ಷತೆಯಲ್ಲಿ ಹೊರಬರುವುದು 12.6 ವಾಟ್-ಗಂಟೆ, ಅಂದರೆ 5 ವೋಲ್ಟಿನಲ್ಲಿ ಸುಮಾರು 2500 ಎಂಎಎಚ್. ಇಂದಿನ ಸಾಮಾನ್ಯ ಸ್ಮಾರ್ಟ್‌ಫೋನಿನ 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಗಂಟೆ ಹಿಡಿಸುತ್ತದೆ. ನಾಲ್ಕು ದಿನ ಫೋನು ನಡೆಸುವುದಾಗಿ ಹೇಳಿ ಮಾರಿದ ಸಾಧನ ಅದನ್ನು ಒಂದು ಬಾರಿಯೂ ಪೂರ್ಣವಾಗಿ ತುಂಬಿಸಲಾರದು. ಗ್ರಾಹಕನಿಗೆ ಎಂಎಎಚ್ ಲೆಕ್ಕ ಗೊತ್ತಿಲ್ಲದಿರಬಹುದು. ಫೋನು ಅರ್ಧಕ್ಕೇ ನಿಂತದ್ದು ಮಾತ್ರ ಗೊತ್ತಾಗುತ್ತದೆ.

ಬೆಂಕಿ ಎಲ್ಲಿಂದ ಬರುತ್ತದೆ

ಕಡಿಮೆ ಅಳತೆಯ ಸರಕಿನಿಂದ ಹಣ ಮಾತ್ರ ಹೋಗುತ್ತದೆ. ಲಿಥಿಯಂ-ಅಯಾನ್ ಸೆಲ್ಲಿನ ವಿಷಯದಲ್ಲಿ ಅಪಾಯ ಅಲ್ಲಿಗೆ ಮುಗಿಯುವುದಿಲ್ಲ. ಸೆಲ್ಲಿನೊಳಗೆ ಧನ ಮತ್ತು ಋಣ ಧ್ರುವಗಳ ಹಾಳೆಗಳ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯಿದೆ. ಅವುಗಳ ನಡುವಿನ ದ್ರವ ಸುಲಭವಾಗಿ ಉರಿಯುವಂಥದ್ದು. 4.2 ವೋಲ್ಟನ್ನು ಮೀರಿ ತುಂಬಿದರೆ ಋಣ ಧ್ರುವದ ಮೇಲೆ ಲಿಥಿಯಂ ಲೋಹ ಶೇಖರವಾಗುತ್ತದೆ, ಧನ ಧ್ರುವ ಅಸ್ಥಿರಗೊಳ್ಳುತ್ತದೆ. ಮಿತಿಮೀರಿ ಬರಿದಾದರೆ ಒಳಗಿನ ತಾಮ್ರದ ಹಾಳೆ ಕರಗಿ, ಮತ್ತೆ ತುಂಬಿಸುವಾಗ ಒಳಗೇ ಶಾರ್ಟ್ ಆಗುವ ಸಂಭವವಿದೆ. ಒಮ್ಮೆ ಒಳಗಿನ ಬಿಸಿ ಒಂದು ಮಟ್ಟವನ್ನು ಮೀರಿದರೆ, ಆ ಬಿಸಿಯೇ ಮತ್ತಷ್ಟು ಬಿಸಿಯನ್ನು ಹುಟ್ಟಿಸುತ್ತಾ ಹೋಗುತ್ತದೆ. ಆಮೇಲೆ ಸ್ವಿಚ್ಚು ತೆಗೆದರೂ ನಿಲ್ಲುವುದಿಲ್ಲ.

ಬೋರ್ಡಿನಲ್ಲಿ ಬಿಟ್ಟುಬಿಟ್ಟ ರಕ್ಷಣಾ ಚಿಪ್ಪಿನ ಬೆಲೆ ಏನೆಂಬುದು ಇಲ್ಲಿ ತಿಳಿಯುತ್ತದೆ. ಇಂತಹ ಸೆಲ್ಲುಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಚಾರ್ಜ್ ಮಾಡಬಾರದು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯಂತಹ ಕಡೆ ತಗಡಿನ ಸೂರಿನ ಗೋದಾಮಿನಲ್ಲಿ, ಬಿಸಿಲಿಗೆ ನಿಂತ ವಾಹನದೊಳಗೆ ಈ ಮಿತಿ ದಾಟುವುದು ಕಷ್ಟವೇನಲ್ಲ. ಉಷ್ಣ ಸಂವೇದಕವಿಲ್ಲದ ಸಾಧನಕ್ಕೆ ತಾನು ಬಿಸಿಯಾಗಿರುವುದೇ ತಿಳಿಯುವುದಿಲ್ಲ.

ಹೆಸರಾಂತ ಸಂಸ್ಥೆಗಳೂ ಈ ಅಪಾಯದಿಂದ ಪೂರ್ಣ ಮುಕ್ತವಲ್ಲ. 2025ರ ಜೂನ್ ತಿಂಗಳಿನಲ್ಲಿ ಅಮೆರಿಕದಲ್ಲಿ ಆಂಕರ್ ಸಂಸ್ಥೆ 10000 ಎಂಎಎಚ್ ಮಾದರಿಯೊಂದರ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ತಿಂಗಳು ಚೀನಾದ ರೊಮಾಸ್ ಸಂಸ್ಥೆ ಸೆಲ್ಲಿನ ಕಚ್ಚಾವಸ್ತುವಿನ ಕಾರಣವನ್ನು ನೀಡಿ 4.9 ಲಕ್ಷದಷ್ಟು ಸಾಧನಗಳನ್ನು ವಾಪಸು ಪಡೆಯಿತು. 2025ರ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ ಆ ದೇಶದ ಕಡ್ಡಾಯ ಪ್ರಮಾಣೀಕರಣದ ಗುರುತಿಲ್ಲದ ಪವರ್ ಬ್ಯಾಂಕುಗಳನ್ನು ನಿಷೇಧಿಸಲಾಯಿತು. ಈ ಘಟನೆಗಳಲ್ಲಿ ವ್ಯಾಪಾರಿಗಳಿಗೆ ಒಂದು ಪಾಠವಿದೆ. ದೋಷ ಎಲ್ಲರಲ್ಲೂ ಬರಬಹುದು. ಆದರೆ ಯಾವ ತಂಡದ ಸರಕು, ಯಾವ ಸೆಲ್ಲು, ಯಾರಿಗೆ ಮಾರಿದ್ದು ಎಂಬ ದಾಖಲೆಯಿರುವ ಸಂಸ್ಥೆ ಮಾತ್ರ ಅದನ್ನು ಹಿಂದಕ್ಕೆ ಕರೆಸಬಲ್ಲದು. ಹೆಸರೇ ಇಲ್ಲದ ಸರಕನ್ನು ಯಾರೂ ವಾಪಸು ಕರೆಯುವುದಿಲ್ಲ.

ಹೆಸರು ಯಾರದೋ ಹೊಣೆ ಅವರದು

ನಮ್ಮ ದೇಶದಲ್ಲಿ ವಿದ್ಯುನ್ಮಾನ ವಸ್ತುಗಳ ಕಡ್ಡಾಯ ನೋಂದಣಿ ಆದೇಶ ಹೊರಬಂದುದು 2012ರಲ್ಲಿ. 2014ರ ನವೆಂಬರಿನಲ್ಲಿ ಅದರ ಪಟ್ಟಿಗೆ ಪವರ್ ಬ್ಯಾಂಕು ಮತ್ತು ಅದರೊಳಗಿನ ಸೆಲ್ಲು, ಎರಡನ್ನೂ ಸೇರಿಸಲಾಯಿತು. ಪವರ್ ಬ್ಯಾಂಕಿಗೆ ಐಎಸ್ 13252, ಸೆಲ್ಲಿಗೆ ಐಎಸ್ 16046 ಮಾನಕಗಳನ್ನು ಆಗ ಗೊತ್ತುಪಡಿಸಲಾಯಿತು. ನೋಂದಾಯಿತ ಸಾಧನದ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಮಾನಕದ ಸಂಖ್ಯೆ ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರುತ್ತವೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದ್ದರಿಂದ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಸಂಖ್ಯೆಯನ್ನು ನಮೂದಿಸಿ, ಅಲ್ಲಿ ಕಾಣುವ ತಯಾರಕರು, ಬ್ರ್ಯಾಂಡು ಮತ್ತು ಉತ್ಪನ್ನ ಕೈಯಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದು ನೋಡುವುದು ಅವಶ್ಯ. ಬೇರೊಂದು ಉತ್ಪನ್ನದ ಸಂಖ್ಯೆಯನ್ನು ತಂದು ಮುದ್ರಿಸಿದ್ದರೆ ಅಲ್ಲಿಯೇ ಬಯಲಾಗುತ್ತದೆ.

ತಯಾರಿಸಿದವರು ಬೇರೆ, ತಾವು ಕೇವಲ ಮಾರುವವರು ಎಂಬ ಸಮಾಧಾನಕ್ಕೆ ಕಾನೂನಿನಲ್ಲಿ ಹೆಚ್ಚು ಸ್ಥಳವಿಲ್ಲ. ಭಾರತೀಯ ಮಾನಕ ಬ್ಯೂರೋ ಕಾಯಿದೆ, 2016ರ 17ನೇ ಪ್ರಕರಣವು ಕಡ್ಡಾಯ ಗುರುತಿಲ್ಲದ ವಸ್ತುಗಳ ತಯಾರಿಕೆಯ ಜೊತೆಗೆ ಆಮದು, ವಿತರಣೆ, ಮಾರಾಟ, ದಾಸ್ತಾನು ಮತ್ತು ಮಾರಾಟಕ್ಕಾಗಿ ಪ್ರದರ್ಶಿಸುವುದನ್ನೂ ನಿಷೇಧಿಸುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವುದೂ ಅದರ ವ್ಯಾಪ್ತಿಗೆ ಬರುತ್ತದೆ.

ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ದೋಷಯುಕ್ತ ಉತ್ಪನ್ನದಿಂದ ಗ್ರಾಹಕನಿಗೆ ಅಥವಾ ಅವನ ಸ್ವತ್ತಿಗೆ ಹಾನಿಯಾದಾಗ, ತಯಾರಕನು ಯಾರೆಂದು ತಿಳಿಯದಿದ್ದರೆ, ಅಥವಾ ತಿಳಿದರೂ ಅವನಿಗೆ ನೋಟೀಸು ಮುಟ್ಟಿಸಲು ಸಾಧ್ಯವಾಗದಿದ್ದರೆ, ಮಾರಾಟಗಾರನ ಮೇಲೆಯೇ ಹೊಣೆ ಬರುತ್ತದೆ. ವಿಳಾಸವಿಲ್ಲದ ವಿದೇಶಿ ಸರಕನ್ನು ಬಿಲ್ಲಿಲ್ಲದೆ ಕೊಂಡು ಮಾರುವವನ ಸ್ಥಿತಿ ಇದೇ. ಅಷ್ಟೇ ಅಲ್ಲದೆ, ಬೇರೆಯವರು ತಯಾರಿಸಿದ ವಸ್ತುವಿನ ಮೇಲೆ ತನ್ನ ಗುರುತನ್ನು ಹಾಕಿಸುವವನನ್ನೂ ಈ ಕಾಯಿದೆ 'ಉತ್ಪನ್ನ ತಯಾರಕ' ಎಂದೇ ಪರಿಗಣಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಅದೇ ಧಾಟಿಯಲ್ಲಿ, ಬೇರೆಯವರಿಂದ ಮಾಡಿಸಿ ತನ್ನ ಬ್ರ್ಯಾಂಡಿನಲ್ಲಿ ಬ್ಯಾಟರಿ ಅಥವಾ ಬ್ಯಾಟರಿಯುಳ್ಳ ಸಾಧನ ಮಾರುವವನನ್ನು ಉತ್ಪಾದಕರ ಸಾಲಿಗೆ ಸೇರಿಸಿ, ಬಳಸಿದ ಬ್ಯಾಟರಿಗಳ ಸಂಗ್ರಹಣೆಯ ಹೊಣೆಯನ್ನೂ ಹೊರಿಸಿವೆ.

ಹಬ್ಬದ ಉಡುಗೊರೆಗಾಗಿ ಸಾವಿರ ಪವರ್ ಬ್ಯಾಂಕುಗಳ ಮೇಲೆ ತಮ್ಮ ಲಾಂಛನ ಹಾಕಿಸುವ ಉದ್ಯಮಿಗಳು ಈ ಮಾತುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳಿತು. ಉಡುಗೊರೆ ಮಾರಾಟವಲ್ಲ ಎಂಬ ವಾದ ನ್ಯಾಯಾಲಯದಲ್ಲಿ ಏನಾಗುತ್ತದೆಯೋ ಬೇರೆ ಮಾತು. ಗ್ರಾಹಕರ ಮನೆಯ ಹಾಸಿಗೆಯ ಪಕ್ಕದಲ್ಲಿ ಸುಟ್ಟು ಕರಕಲಾದ ಸಾಧನದ ಮೇಲೆ ಉಳಿಯುವುದು ಕೊಟ್ಟವರ ಹೆಸರೇ.

ಖರೀದಿಗೆ ಮುನ್ನ

ವರ್ತಕರು ಕೆಲವು ಸರಳ ಕ್ರಮಗಳನ್ನು ರೂಢಿಸಿಕೊಂಡರೆ ಬಹುಪಾಲು ತೊಂದರೆಗಳನ್ನು ದೂರವಿಡಬಹುದು. ನೋಂದಣಿ ಸಂಖ್ಯೆಯನ್ನು ಪರಿಶೀಲಿಸದೆ ಮುಂಗಡ ಕೊಡಬಾರದು. ಜಿಎಸ್‌ಟಿ ಸಂಖ್ಯೆಯಿರುವ ಪಕ್ಕಾ ಬಿಲ್ಲನ್ನೇ ಪಡೆಯಬೇಕು. ಅದರಲ್ಲಿ ಮಾದರಿಯ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಬರೆಸಬೇಕು. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು-ವರ್ಷ ಇವೆಲ್ಲ ಇವೆಯೇ ಎಂದು ನೋಡಬೇಕು. ಪೊಟ್ಟಣ ವಸ್ತುಗಳ ಬಗೆಗಿನ 2011ರ ಕಾನೂನು ಮಾಪನ ನಿಯಮಗಳು ಇದನ್ನು ಬಯಸುತ್ತವೆ. ನಮೂನೆಯನ್ನು ತೂಗಿ, ಮೀಟರಿನಿಂದ ಬರಿದು ಮಾಡಿ, ಫಲಿತಾಂಶವನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಬೇಕು. ಮೊದಲು ತೋರಿಸಿದ ನಮೂನೆ ಒಂದು, ನಂತರ ಬರುವ ಸರಕು ಮತ್ತೊಂದು ಎಂಬ ಅನುಭವ ವರ್ತಕರಿಗೆ ಹೊಸದಲ್ಲ. ಆದ್ದರಿಂದ ಪರೀಕ್ಷೆ ಬಂದ ಸರಕಿನ ಮೇಲೂ ನಡೆಯಬೇಕು. ಉಬ್ಬಿದ, ಬಿಸಿಯಾಗುವ ಅಥವಾ ಗ್ರಾಹಕರು ಹಿಂದಿರುಗಿಸಿದ ಸಾಧನಗಳನ್ನು ಉಳಿದ ದಾಸ್ತಾನಿನೊಡನೆ ಸೇರಿಸದೆ ಪ್ರತ್ಯೇಕವಾಗಿಟ್ಟು, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು; ಕಸದ ಬುಟ್ಟಿಗೆ ಎಸೆಯಬಾರದು.

ಸಣ್ಣ ತಯಾರಕರಿಗೆ ಇದರಲ್ಲಿ ಅವಕಾಶವೂ ಇದೆ. ಪ್ಲಾಸ್ಟಿಕ್ ಅಚ್ಚು, ಬೋರ್ಡಿನ ಜೋಡಣೆ, ಸೆಲ್ಲುಗಳ ಬೆಸುಗೆ ಮುಂತಾದ ಕೆಲಸಗಳು ನಮ್ಮ ಕೈಗಾರಿಕಾ ವಸಾಹತುಗಳಿಗೆ ಹೊಸದಲ್ಲ. ಬಂದ ಪ್ರತಿ ಸೆಲ್ಲಿನ ತೂಕ, ಒತ್ತಡ ಮತ್ತು ಆಂತರಿಕ ರೋಧವನ್ನು ಅಳೆದು ಸಮಾನವಾದವನ್ನು ಜೋಡಿಸುವುದು, ಸೆಲ್ಲಿಗೆ ನೇರವಾಗಿ ಕಾವಿನ ಬೆಸುಗೆ ಹಾಕದೆ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡುವುದು, ಪ್ರತಿ ತಂಡದ ದಾಖಲೆ ಇಡುವುದು, ಇಷ್ಟು ಶಿಸ್ತು ಬೇಕು. ಮಾರ್ಗದರ್ಶನಕ್ಕೆ ಮಾನಕ ಬ್ಯೂರೋದ ಬೆಂಗಳೂರು ಶಾಖೆ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿಯೇ ಇದೆ. ಲೇಬಲ್ಲಿನ ಮೇಲೆ 10000ದ ಪಕ್ಕದಲ್ಲಿ '5 ವೋಲ್ಟಿನಲ್ಲಿ 6300' ಎಂದು ಧೈರ್ಯವಾಗಿ ಮುದ್ರಿಸಿ, ಪರೀಕ್ಷೆಯಲ್ಲಿ ಅಷ್ಟನ್ನೂ ಕೊಡುವ ಉತ್ಪನ್ನಕ್ಕೆ ಬೆಲೆ ಸ್ವಲ್ಪ ಹೆಚ್ಚಾದರೂ ಸಂಸ್ಥೆಗಳ ಖರೀದಿ ವಿಭಾಗಗಳಲ್ಲಿ ಸ್ಥಾನ ಸಿಗುವುದರಲ್ಲಿ ಸಂಶಯವಿಲ್ಲ.

ಹಿಂದಿನ ಕಾಲದ ವರ್ತಕರು ಸೇರು-ಪಾವುಗಳ ಮೇಲೆ ಸರ್ಕಾರದ ಮುದ್ರೆ ಇದೆಯೇ ಎಂದು ನೋಡಿ ವ್ಯವಹಾರ ಮಾಡುತ್ತಿದ್ದರು. ಅಳತೆ ಸರಿಯಿರುವ ಅಂಗಡಿಗೆ ಗ್ರಾಹಕರು ಎರಡು ಬೀದಿ ದಾಟಿ ಬರುತ್ತಿದ್ದರು. ಪವರ್ ಬ್ಯಾಂಕೂ ಒಂದು ಅಳತೆಯ ಪಾತ್ರೆಯೇ. ಅದರಲ್ಲಿ ಅಳೆಯುವುದು ಧಾನ್ಯದ ಬದಲು ವಿದ್ಯುತ್ತು, ಅಷ್ಟೇ ವ್ಯತ್ಯಾಸ. ಅಳತೆ ಸರಿಯಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಅದರ ಮೇಲೆ ತಮ್ಮ ಹೆಸರನ್ನು ಹಾಕಿಸುವುದು ವ್ಯಾಪಾರದ ಹಿತದೃಷ್ಟಿಯಿಂದಲೂ, ಗ್ರಾಹಕರ ಸುರಕ್ಷತೆಯ ದೃಷ್ಟಿಯಿಂದಲೂ ಉಚಿತವಾದ ಮಾರ್ಗ.